ಎರಡು ಬೆರಳಿನಷ್ಟು ಆಟ

ಟಯರಿನ ಮೇಲೊಂದು ಕೈ, ಕೆಳಗೊಂದು ಕೈ
ಇಟ್ಟು ಅಲ್ಲಾಡಿಸಿದೆ. ಟಕ್ ಎಂದಿತು.
ಇನ್ನೊಮ್ಮೆ, ಟಕ್.
ಜಾಕಿನ ಮೇಲೆ ಕೂತ ಹಳೇ ಮೋರಿಸ್ ಗಾಡಿ
ಅಲ್ಲಾಡುವ ಹಾಲುಹಲ್ಲು ತೋರಿಸುವ ಹುಡುಗನ ಹಾಗೆ
ಎಡ ಚಕ್ರ ಮುಂದೆ ಮಾಡಿತು.

ನಮ್ಮ ಆಟೋ ಕಾಂಪ್ಲೆಕ್ಸಿನಲ್ಲಿ ಇದಕ್ಕೆ
ಆಟ ಅನ್ನುತ್ತಾರೆ.
ಸ್ಟೇರಿಂಗಿನಲ್ಲಿ ಎರಡು ಬೆರಳು ಆಟ,
ಚಕ್ರದಲ್ಲಿ ಕಾಲಿಂಚು.
ಬ್ಯಾಟರಿ ಅಂಗಡಿಯ ಚನ್ನವೀರ ಇಣುಕಿ ನೋಡಿ
'ಇದು ಆಟವಲ್ಲ ಮಾರಾಯ, ಬಯಲಾಟ' ಎಂದು ಹೋದ.

ಸೆವ್ರಿನ್ ಬಾಯಮ್ಮ ನಗಲಿಲ್ಲ.
ಕಬ್ಬಿಣದ ಸ್ಟೂಲಿನಲ್ಲಿ, ಚೀಲ ತೊಡೆಯ ಮೇಲೆ,
'ಸ್ವಲ್ಪ ಎಡಕ್ಕೆ ಎಳೀತದೆ, ಅಷ್ಟೇ' ಅಂದರು.
ಕೂಸು ಸ್ವಲ್ಪ ಅಡ್ಡ ತಿರುಗಿದೆ, ಅಷ್ಟೇ
ಎಂದು ಎಷ್ಟು ಮನೆಗಳಲ್ಲಿ ಹೇಳಿದ್ದರೋ
ಅದೇ ದನಿ.
ಮೂವತ್ತೊಂದು ವರ್ಷ ಹೆರಿಗೆ ನರ್ಸು, ಇದೇ ಗಾಡಿ.
ಮಂಡಗದ್ದೆ, ಕೋಣಂದೂರು, ಆರಗದ ಆಚೆ
ಹೆಸರಿಲ್ಲದ ತಿರುವುಗಳು, ರಾತ್ರಿ ಎರಡು ಗಂಟೆ,
ಮುಂದೆ ಲಾಟೀನು ಹಿಡಿದು ಓಡುವ ಗಂಡ.

ಕಿಂಗ್ ಪಿನ್ನಿಗೆ ಅಡ್ಡ ಬಡಿದ ಕಾಟರು
ಮೊದಲ ದಿನ ಬರಲಿಲ್ಲ. ಸೀಮೆಎಣ್ಣೆ ಕುಡಿಸಿದೆ.
ಎರಡನೆಯ ದಿನ ಬೆಂಕಿ ತೋರಿಸಿದೆ.
ಮೂರನೆಯ ದಿನ ಶಬ್ಬೀರ ಎರಡು ಹೊಸ ಬೈಗುಳ ಕಲಿತ.
ನಾಲ್ಕನೆಯ ದಿನ ಬೆಳಿಗ್ಗೆ, ಹೀಗೇ ಸುಮ್ಮನೆ
ಕೊಟ್ಟ ಸಣ್ಣದೊಂದು ಪೆಟ್ಟಿಗೆ
ಬಂತು.

ಹಗ್ಗ ಉಜ್ಜಿದ ಬಾವಿಕಟ್ಟೆಯ ಕಲ್ಲಿನಂತೆ
ಪಿನ್ನು ಒಂದೇ ಕಡೆ ತೋಡಿಹೋಗಿತ್ತು.
ಯಾಕೆಂದು ಹುಡುಕಿದೆ. ಗ್ರೀಸ್ ನಿಪ್ಪಲ್ಲಿನ ಬಾಯಿಗೆ
ಯಾವನೋ ಯಾವತ್ತೋ ಕರಿ ಪೇಂಟು ಬಳಿದಿದ್ದ.
ವರ್ಷಕ್ಕೆರಡು ಸಲ ಗನ್ನು ಹಿಡಿದು ಒತ್ತಿದ್ದೇ ಒತ್ತಿದ್ದು:
ಹೊರಗೆ ಬೆರಳು ದಪ್ಪ ಗ್ರೀಸು,
ಒಳಗೆ ಕಬ್ಬಿಣ ಕಬ್ಬಿಣವನ್ನು ಒಣಗಿ ತಿನ್ನುತ್ತಿತ್ತು.
ಒತ್ತಿದವರಲ್ಲಿ ನಾನೂ ಒಬ್ಬ,
ತೊಂಬತ್ತಾರರಲ್ಲಿ, ಈ ಶೆಡ್ಡಿಗೆ ಹೊಸದಾಗಿ ಸೇರಿದಾಗ.
ಬಾಯಮ್ಮನಿಗೆ ಹೇಳಲಿಲ್ಲ.
ಪೇಂಟು ಕೆರೆದೆ.

ಭದ್ರಾವತಿಯ ಸೆಲ್ವಮಣಿ,
ಕಾರ್ಖಾನೆ ಬಿಟ್ಟ ಮೇಲೂ ಮೈಕ್ರೋಮೀಟರನ್ನು
ಅಂಗಿಯ ಎಡ ಜೇಬಿನಲ್ಲೇ ಇಟ್ಟುಕೊಳ್ಳುವವನು,
ಗನ್ ಮೆಟಲ್ ಬುಷ್ಷು ಕಡೆದುಕೊಟ್ಟ.
'ಎರಡು ತೌ ಬಿಟ್ಟಿದ್ದೇನೆ. ಮಿಕ್ಕಿದ್ದು ನಿನ್ನ ಕೈ.'
ರೀಮರು ತಿರುಗಿಸಿದೆ. ಮೇಲಿನ ಬುಷ್ಷಿನಿಂದ
ಕೆಳಗಿನದಕ್ಕೆ ಒಂದೇ ಗೆರೆ.
ಹಿಂದಕ್ಕೆ ತಿರುಗಿಸಬಾರದು. ಊಟಕ್ಕೆ ಎದ್ದು ಹೋಗಬಾರದು.
ಹಳದಿ ಪುಡಿ ಉಗುರುಸಂದಿಗೆ
ಮದುವೆ ಮನೆಯ ಅರಿಶಿನದ ಹಾಗೆ ಹತ್ತಿತು.
ಎಣ್ಣೆ ಸವರಿದ ಹೊಸ ಪಿನ್ನು
ತನ್ನ ಭಾರಕ್ಕೆ ತಾನೇ ಇಳಿಯಬೇಕು,
ಬೀಳಬಾರದು.
ಇಳಿಯಿತು.
ಶಬ್ಬೀರ ಉಸಿರು ಬಿಟ್ಟ. ನಾನು ಬಿಟ್ಟದ್ದು ಆಮೇಲೆ.

ಗಾಜನೂರಿನ ದಾರಿ. ತಾನೇ ಓಡಿಸುತ್ತೇನೆ ಅಂದರು.
ನೇರ ರಸ್ತೆ, ಈಗ ನೇರ ಗಾಡಿ.
ಆದರೆ ಅವರ ಕೈ ಹಳೇ ಲೆಕ್ಕದಲ್ಲಿ
ಎರಡು ಬೆರಳು ಬಲಕ್ಕೆ ಎಳೆಯಿತು;
ಗಾಡಿ, ಹೇಳಿದ್ದನ್ನು ಹೇಳಿದಷ್ಟೇ ಕೇಳಿ,
ಎದುರು ಬರುತ್ತಿದ್ದ ಜಲ್ಲಿ ಲಾರಿಯ ಕಡೆ ಹೊರಟಿತು.
ಲಾರಿಯವನು ಹಾರ್ನಿನಲ್ಲೇ ನಮ್ಮ ವಂಶ ಜಾಲಾಡಿದ.

ಪಕ್ಕಕ್ಕೆ ನಿಲ್ಲಿಸಿ, ಎರಡೂ ಕೈ ತೊಡೆಯ ಮೇಲಿಟ್ಟು
ಬೇರೆ ಯಾರದೋ ಕೈ ಎಂಬಂತೆ ನೋಡಿದರು.
'ಇದು ಈಗ ನನ್ನ ಮಾತು ಕೇಳ್ತದಲ್ಲೋ' ಅಂದರು,
ದೂರು ಹೇಳುವವರ ಹಾಗೆ.
'ಸ್ವಲ್ಪ ಸಡಿಲ ಬಿಡಲಿಕ್ಕೆ ಆಗ್ತಿರಲಿಲ್ಲವಾ?'
'ಬಾಯಮ್ಮ, ಅದು ಕೂಡದು.'
'ಗೊತ್ತು. ಕೇಳಿದೆ.'

ಹಳೇ ಪಿನ್ನು ಎಲ್ಲಿ ಎಂದರು. ಜೇಬಿನಿಂದ ತೆಗೆದು ಕೊಟ್ಟೆ.
ಅಂಗೈಯಲ್ಲಿ ಎತ್ತಿ ಎತ್ತಿ ತೂಗಿದರು:
'ಮುಕ್ಕಾಲು ಪೌಂಡು. ಬದುಕಲಿಕ್ಕಿಲ್ಲ.'
ಸವೆದ ಕಡೆಯಲ್ಲಿ ಅವರ ಹೆಬ್ಬೆರಳು
ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಆಗ ಹೇಳಿದೆ, ಪೇಂಟಿನ ವಿಷಯ,
ಗನ್ನು ಹಿಡಿದವರಲ್ಲಿ ನಾನೂ ಇದ್ದೆ ಎಂದು.
ಅವರು ಕನ್ನಡಿ ಸರಿಮಾಡಿಕೊಂಡರು.
'ಹಿಂದೆ ಏನಾದರೂ ಬರ್ತಿದೆಯಾ ನೋಡು'
ಎಂದು ಗೇರು ಹಾಕಿದರು.